ದಪ್ಪಗಿದ್ದರೆ ಮೂಳೆ ಗಟ್ಟಿಯೇ? ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆಗೆ ಹೋಗಿ ನೋಡೋಣ

ದಪ್ಪಗಿರುವವರ ಮೂಳೆ ಹೇಗೂ ಗಟ್ಟಿ, ಭಾರ ಎತ್ತುವುದು ಪೈಲ್ವಾನರಿಗೆ ಮಾತ್ರ, ಉಳಿದವರು ಬೆಳಿಗ್ಗೆ ನಡೆದರೆ ಸಾಕು. ಇಂಥ ಸಂದೇಶ ನಮ್ಮ ಸೋಮವಾರಪೇಟೆಯ ವಾಟ್ಸ್‌ಆ್ಯಪ್ ಗ್ರೂಪುಗಳಿಗೂ ಬಂದಿದೆ. ಅದನ್ನು ಓದಿದಾಗ ನಮಗೆ ನೆನಪಾದವರು ಕೆ.ವಿ. ಅಯ್ಯರ್.

ಕೋಲಾರ ಸೀಮೆಯ ವೆಂಕಟೇಶ ಅಯ್ಯರ್ ಹುಟ್ಟಿದ್ದು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ. ಇಂದಿನವರಿಗೆ ಅವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕ. ಆದರೆ ಅದಕ್ಕೂ ಮೊದಲೇ ಅವರು ಹೆಸರಾಂತ ದೇಹದಾರ್ಢ್ಯಪಟು. ಬೆಂಗಳೂರಿನಲ್ಲಿ ಅವರು ಕಟ್ಟಿ ಬೆಳೆಸಿದ ವ್ಯಾಯಾಮಶಾಲೆ ಮುಂದೆ ಜೆ.ಸಿ. ರಸ್ತೆಯ ಗುರುತೇ ಆಯಿತು. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯ. ಸಾಮು ಮಾಡುವ ಜಾಗದಲ್ಲಿ ಸಾಹಿತ್ಯದ ಹರಟೆ! ಅಂಥ ಜಿಮ್ ಈಗ ಎಲ್ಲಿದೆಯೋ ನಾವು ಕಾಣೆವು.

ಅಯ್ಯರ್ ಬಾರ್‌ಬೆಲ್ಲನ್ನೂ ಬಿಡಲಿಲ್ಲ, ಆಸನಗಳನ್ನೂ ಬಿಡಲಿಲ್ಲ. ಯೋಗ ಬಲ್ಲ ಸುಂದರಂ ಅವರ ಜೊತೆಗಾರರಾಗಿದ್ದರು. 1930ರ ದಶಕದಲ್ಲಿ ಸೂರ್ಯನಮಸ್ಕಾರದ ಬಗ್ಗೆ ಪುಸ್ತಕ ಬರೆದರು, ಅಂಚೆಯ ಮೂಲಕವೂ ಪಾಠ ಕಳಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೂ ವ್ಯಾಯಾಮ ಹೇಳಿಕೊಟ್ಟರು. ಅಂದರೆ ಭಾರ ಎತ್ತುವುದು ಪೈಲ್ವಾನರಿಗೆ ಮಾತ್ರ ಎಂಬ ಮಾತು ಅಯ್ಯರ್ ಕಾಲದಲ್ಲೇ ಹಳತಾಗಿತ್ತು.

ಆಗ ಅಳೆಯಲು ಇದ್ದದ್ದು ಟೇಪು ಮತ್ತು ತಕ್ಕಡಿ. ತೋಳು, ಎದೆಯ ಸುತ್ತಳತೆ ತಿಳಿಯುತ್ತಿತ್ತು, ಒಳಗಿನ ಮೂಳೆಯ ಸಾಂದ್ರತೆ ತಿಳಿಯುತ್ತಿರಲಿಲ್ಲ. ಅದನ್ನು ಅಳೆಯುವ ಡೆಕ್ಸಾ ಸ್ಕ್ಯಾನ್ ಬಳಕೆಗೆ ಬಂದದ್ದು 1980ರ ದಶಕದ ಕೊನೆಗೆ. ಅಯ್ಯರ್ ತೀರಿಕೊಂಡದ್ದು 1980ರಲ್ಲಿ.

ಆ ಯಂತ್ರ ತೋರಿಸಿದ್ದು ಸಂದೇಶದಷ್ಟು ಸರಳವಾಗಿಲ್ಲ. ಸ್ಥೂಲಕಾಯದವರ ಮೂಳೆಯ ಸಾಂದ್ರತೆ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ, ಅಷ್ಟು ನಿಜ. ಆದರೆ ಹಲವು ದೇಶಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಟ್ಟು ನಿಂತ ಸ್ಥೂಲಕಾಯದ ಮಹಿಳೆಯರಿಗೆ ಪಾದದ ಕೀಲು ಮತ್ತು ತೊಡೆಯ ಮೂಳೆ ಮುರಿಯುವ ಅಪಾಯ ಹೆಚ್ಚಾಗಿತ್ತು.

ತೂಕ ಇಳಿಸುವಾಗ ಮೂಳೆಯೂ ಸವೆಯುತ್ತದೆ. 65 ದಾಟಿದ 160 ಸ್ಥೂಲಕಾಯದವರ ಮೇಲೆ ಅಮೆರಿಕದಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗ ನೋಡಿ. ಎಲ್ಲ ವ್ಯಾಯಾಮ ಗುಂಪುಗಳೂ ಆಹಾರ ನಿಯಂತ್ರಿಸಿ ತೂಕ ಇಳಿಸಿದವು. ನಡಿಗೆ, ಸೈಕಲ್‌ನಂಥ ಏರೋಬಿಕ್ ವ್ಯಾಯಾಮ ಮಾತ್ರ ಮಾಡಿದವರ ಸೊಂಟದ ಮೂಳೆಯ ಸಾಂದ್ರತೆ ಶೇ 3ರಷ್ಟು ಕುಸಿಯಿತು. ಭಾರ ಎತ್ತಿದವರಲ್ಲಿ, ಎರಡನ್ನೂ ಮಾಡಿದವರಲ್ಲಿ ಆ ಕುಸಿತ ಶೇ 1 ಅಥವಾ ಅದಕ್ಕಿಂತ ಕಡಿಮೆ.

ಕಾರಣವೇನು? ಮೂಳೆ ಕಲ್ಲಲ್ಲ, ಜೀವಂತ ಅಂಗ. ತನ್ನ ಮೇಲೆ ಬಿದ್ದ ಹೊರೆ ನೋಡಿ ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟಿಕೊಳ್ಳುತ್ತದೆ. ದಿನವೂ ಅದೇ ಹೊರೆಯಾದರೆ ಒಗ್ಗಿಹೋಗಿ ಸುಮ್ಮನಾಗುತ್ತದೆ. ನಮ್ಮ ಕಡೆ ಕಾಫಿ ತೋಟದ ಏರು ಹತ್ತುವುದು ಸಮತಟ್ಟಿನ ನಡಿಗೆಗಿಂತ ಕಾಲಿಗೆ ಹೆಚ್ಚಿನ ಕೆಲಸವೇ. ಆದರೆ ವರ್ಷಗಳಿಂದ ಅದೇ ಏರಾದರೆ ಮೂಳೆಗೆ ಅದು ಹೊಸ ಸುದ್ದಿಯಲ್ಲ.

ಹಾಗೆಂದು ನಾಳೆಯೇ ಬಾರ್‌ಬೆಲ್ಲಿಗೆ ಕೈ ಹಾಕಬೇಡಿ. ತೂಕ ಹೆಚ್ಚಿರುವವರ ಮಂಡಿ ಮೊದಲೇ ದಣಿದಿರುತ್ತದೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದೂ ಒಂದು ಬಗೆಯ ಬಸ್ಕಿಯೇ. ಅದು ಹಗುರವೆನಿಸಿದ ಮೇಲೆ ಕೈಯಲ್ಲಿ ನೀರಿನ ಬಾಟಲಿ, ಆಮೇಲೆ ಡಂಬೆಲ್. ಹಿಂದೆ ಮೂಳೆ ಮುರಿದಿದ್ದರೆ, ರಕ್ತದೊತ್ತಡವಿದ್ದರೆ, ಬಹುಕಾಲ ಸ್ಟೀರಾಯ್ಡ್ ಮಾತ್ರೆ ತಿಂದಿದ್ದರೆ ಮೊದಲು ವೈದ್ಯರನ್ನು ಕೇಳಿ.