ತೂಕದ ಮಾತು: ಸನ್‌ಲೈಟ್ ಸೋಪಿನ ಲೀವರ್ ಸಾಹೇಬರ ಬದುಕು

ಸೋಪಿಲ್ಲದ ಮನೆ ಇವತ್ತು ನಮ್ಮ ಊರಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ನಮ್ಮ ಹಿರಿಯರ ಕಾಲಕ್ಕೆ ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು, ಬಟ್ಟೆಗೆ ಅಂಟುವಾಳಕಾಯಿ ಇಲ್ಲವೆ ಚೌಳು ಮಣ್ಣು, ಇಷ್ಟೇ ಇತ್ತು. ಆಮೇಲೆ ಸಂತೆಗೆ, ಅಂಗಡಿಗೆ ಸನ್‌ಲೈಟ್ ಬಂತು, ಲೈಫ್‌ಬಾಯ್ ಬಂತು, ಲಕ್ಸ್ ಬಂತು. ಸೋಪು ಅನ್ನುವ ಬದಲು ಈ ಹೆಸರುಗಳನ್ನೇ ಹೇಳಿ ಕೇಳುವಷ್ಟು ನಮಗೆ ಅವು ರೂಢಿಯಾದವು. ಈ ಹೆಸರುಗಳನ್ನೆಲ್ಲ ಮಾರುಕಟ್ಟೆಗೆ ತಂದ ಕಂಪನಿಯನ್ನು ಕಟ್ಟಿದವರು ಒಬ್ಬ ಕಿರಾಣಿ ಅಂಗಡಿಯವರ ಮಗ, ಇಂಗ್ಲೆಂಡಿನ ವಿಲಿಯಂ ಹೆಸ್ಕೆತ್ ಲೀವರ್.

ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಕಂಪನಿ ಮಾಲೀಕರ ಕಥೆ ಯಾಕೆ ಅಂತ ಸದಸ್ಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಲೀವರ್ ಅವರ ಬದುಕಿನಲ್ಲಿ ಸಹಕಾರ ಸಂಘಗಳು ಎದುರಾಳಿಗಳಾಗಿ ಬಂದು ನಿಂತವು. ಅವರು ಗೆದ್ದದ್ದರಲ್ಲೂ ನಮಗೆ ಪಾಠವಿದೆ, ಸೋತದ್ದರಲ್ಲೂ ಇದೆ. ತಕ್ಕಡಿ ಹಿಡಿದು ವ್ಯವಹಾರ ಮಾಡುವ ನಾವು ಎರಡನ್ನೂ ತಿಳಿದಿರುವುದು ಒಳ್ಳೆಯದು.

ಲೀವರ್ ಹುಟ್ಟಿದ್ದು 1851ರ ಸೆಪ್ಟೆಂಬರ್ 19ರಂದು, ಲ್ಯಾಂಕಶೈರಿನ ಬೋಲ್ಟನ್ ಎಂಬ ಹತ್ತಿಗಿರಣಿಗಳ ಊರಿನಲ್ಲಿ. ಜೇಮ್ಸ್ ಮತ್ತು ಎಲೈಜಾ ದಂಪತಿಗೆ ಹತ್ತು ಮಕ್ಕಳು. ಇವರು ಏಳನೆಯವರು, ಗಂಡುಮಕ್ಕಳಲ್ಲಿ ಹಿರಿಯವರು. ತಂದೆಯದು ಕಿರಾಣಿ ವ್ಯಾಪಾರ. ಹದಿನಾರು ತುಂಬಿದಾಗ ತಂದೆ ಮಗನ ಕೈಗೆ ಸ್ವಸಹಾಯದ ಬಗ್ಗೆ ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ ಪುಸ್ತಕ ಕೊಟ್ಟರು, ಅಂಗಡಿಯ ಕೆಲಸಕ್ಕೂ ಹಚ್ಚಿದರು. ವಾರಕ್ಕೆ ಒಂದು ಷಿಲಿಂಗ್ ಸಂಬಳ. ಮಾಲೀಕರ ಮಗ ಅಂತ ಗಲ್ಲಾಪೆಟ್ಟಿಗೆ ಮುಂದೆ ಕೂರಿಸಲಿಲ್ಲ. ಸಕ್ಕರೆಯ ಗಟ್ಟಿ ಒಡೆಯುವುದು, ಉದ್ದನೆಯ ಸೋಪಿನ ಬಾರು ಕತ್ತರಿಸಿ ಕಾಗದದಲ್ಲಿ ಸುತ್ತಿಡುವುದು, ಇದೇ ಕೆಲಸ.

ಆ ಕಾಲದಲ್ಲಿ ಅಲ್ಲಿ ಸೋಪು ಹೇಗೆ ಮಾರಾಟವಾಗುತ್ತಿತ್ತು ಅನ್ನೋದನ್ನ ಸ್ವಲ್ಪ ನೋಡೋಣ. ಕಾರ್ಖಾನೆಯಿಂದ ಉದ್ದನೆಯ ಬಾರುಗಳು ಬರುತ್ತಿದ್ದವು. ಅಂಗಡಿಯವನು ಗಿರಾಕಿ ಕೇಳಿದಷ್ಟು ಕತ್ತರಿಸಿ ತೂಗಿ ಕೊಡುತ್ತಿದ್ದ. ಸೋಪಿನಲ್ಲಿ ನೀರಿನ ಅಂಶ ಇರುತ್ತದೆ, ಇಟ್ಟಷ್ಟೂ ಆರುತ್ತದೆ, ತೂಕ ಇಳಿಯುತ್ತದೆ. ಮಾಡಿದವರು ಯಾರು, ಅದರಲ್ಲಿ ಏನೇನು ಹಾಕಿದ್ದಾರೆ ಎಂಬುದು ಕೊಳ್ಳುವ ಹೆಂಗಸಿಗೆ ತಿಳಿಯುವ ದಾರಿಯೇ ಇರಲಿಲ್ಲ. ಬ್ರಿಟನ್ನಿನಲ್ಲಿ ಸೋಪಿನ ಮೇಲೆ ಸರ್ಕಾರದ ಸುಂಕ ಇತ್ತು, ಅದನ್ನು 1853ರಲ್ಲಿ ತೆಗೆದುಹಾಕಿದ್ದರು. ಗಿರಣಿಗಳ ಹೊಗೆಯೂ ಮಸಿಯೂ ತುಂಬಿದ ಊರುಗಳಲ್ಲಿ ಕೂಲಿ ಜನ ಹೆಚ್ಚಿದರು, ಸೋಪಿನ ಬೇಡಿಕೆ ಏರಿತು. ಆದರೆ ನಂಬಿ ಕೊಳ್ಳುವ ಸೋಪು ಇರಲಿಲ್ಲ.

ಇಪ್ಪತ್ತೊಂದನೇ ವಯಸ್ಸಿಗೆ ಲೀವರ್ ತಂದೆಯ ವ್ಯಾಪಾರದಲ್ಲಿ ಪಾಲುದಾರರಾದರು. 1874ರಲ್ಲಿ ಬಾಲ್ಯದ ಗೆಳತಿ ಎಲಿಜಬೆತ್ ಹ್ಯೂಮ್ ಅವರನ್ನು ಮದುವೆಯಾದರು. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು, ಹಾಯಾಗಿ ಇದ್ದುಬಿಡಬಹುದಿತ್ತು. ಆದರೆ 1884ರಲ್ಲಿ ಬರೀ ಸೋಪಿನ ಕಡೆ ಗಮನ ಕೊಡಬೇಕು ಎಂಬ ತೀರ್ಮಾನಕ್ಕೆ ಬಂದರು. ಮೊದಲು ಮಾಡಿದ ಕೆಲಸ ಹೆಸರು ಹುಡುಕಿದ್ದು. ಸನ್‌ಲೈಟ್, ಅಂದರೆ ಬಿಸಿಲು, ಎಂಬ ಹೆಸರನ್ನು ಅದೇ ವರ್ಷ ನೋಂದಾಯಿಸಿದರು.

ಆಗ ಅವರ ಹತ್ತಿರ ಕಾರ್ಖಾನೆ ಇರಲಿಲ್ಲ. ಬೇರೆಯವರಿಂದ ಮಾಡಿಸಿ ತಮ್ಮ ಹೆಸರು ಹಾಕಿ ಮಾರಿದರು. ಸ್ವಲ್ಪ ದಿನಕ್ಕೇ ದೂರುಗಳು ಬಂದವು. ಸೋಪು ಬೆವರುತ್ತೆ, ವಾಸನೆ ಬರುತ್ತೆ ಅಂತ. ಹೆಸರು ನಮ್ಮದು, ಪಾಕ ಇನ್ನೊಬ್ಬರದ್ದು ಆದರೆ ಹೀಗೇ ಆಗುವುದು. 1885ರಲ್ಲಿ ತಮ್ಮ ಜೇಮ್ಸ್ ಡಾರ್ಸಿಯ ಜೊತೆ ಸೇರಿ ವಾರಿಂಗ್‌ಟನ್ನಿನಲ್ಲಿ ಒಂದು ಹಳೆಯ ಸೋಪಿನ ಕಾರ್ಖಾನೆಯನ್ನು ಗೇಣಿಗೆ ಹಿಡಿದರು. ಬೋಲ್ಟನ್ನಿನ ರಸಾಯನತಜ್ಞ ವಿಲಿಯಂ ಹಫ್ ವಾಟ್ಸನ್ ಅವರ ನೆರವಿನಿಂದ ಪಾಕ ಹದಕ್ಕೆ ಬಂತು.

ಸೋಪಿನ ಮೂಲ ವಿದ್ಯೆ ಹಳೆಯದೇ. ಎಣ್ಣೆ ಅಥವಾ ಕೊಬ್ಬನ್ನು ಕಾಸ್ಟಿಕ್ ಸೋಡಾದ ನೀರಿನ ಜೊತೆ ಕುದಿಸಬೇಕು. ಅದು ಸೋಪೂ ಗ್ಲಿಸರಿನ್ನೂ ಆಗುತ್ತದೆ. ಉಪ್ಪು ಹಾಕಿದರೆ ಸೋಪು ಮೇಲಕ್ಕೆ ಬೇರೆಯಾಗಿ ನಿಲ್ಲುತ್ತದೆ. ಆಗಿನ ಬಟ್ಟೆ ಸೋಪುಗಳಲ್ಲಿ ದನದ ಕೊಬ್ಬೇ ಹೆಚ್ಚು. ಸನ್‌ಲೈಟಿನಲ್ಲಿ ನೂರಕ್ಕೆ ಸುಮಾರು 42 ಪಾಲು ಕೊಬ್ಬರಿ ಎಣ್ಣೆ ಇಲ್ಲವೆ ತಾಳೆಬೀಜದ ಎಣ್ಣೆ, ಸುಮಾರು 24 ಪಾಲು ಹತ್ತಿಬೀಜದ ಎಣ್ಣೆ, ಕೊಬ್ಬು ಕಾಲು ಭಾಗ, ಉಳಿದದ್ದು ರಾಳ. ಹೀಗಾಗಿ ಬೇಗ ನೊರೆ ಬರುತ್ತಿತ್ತು, ಉಜ್ಜುವ ಶ್ರಮ ಕಡಿಮೆಯಾಗುತ್ತಿತ್ತು.

ಆದರೆ ಅವರ ನಿಜವಾದ ಹೊಸತನ ಇದ್ದದ್ದು ಪಾಕಕ್ಕಿಂತ ಹೆಚ್ಚಾಗಿ ಕಟ್ಟಿನಲ್ಲಿ. ಒಂದು ಪೌಂಡಿನ, ಅಂದರೆ 16 ಔನ್ಸಿನ, ನಮ್ಮ ಲೆಕ್ಕದಲ್ಲಿ ಸುಮಾರು 454 ಗ್ರಾಮಿನ ಸೋಪನ್ನು ಎಣ್ಣೆ ಹೀರದ ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿ ಹಾಕಿ, ಹೆಸರು ಅಚ್ಚುಹಾಕಿ ಕಳಿಸಿದರು. ಕಲಬೆರಕೆ ಇದೆ ಅಂತ ಸಾಬೀತು ಮಾಡಿದವರಿಗೆ 1000 ಪೌಂಡ್ ಹಣ ಕೊಡುವುದಾಗಿ ಸಾರಿದರು. ಬಟ್ಟೆ ಒಗೆಯುವ ಕ್ರಮ ತಿಳಿಸುವ ಚಿಕ್ಕ ಪುಸ್ತಕ ಹಂಚಿದರು. ಸುತ್ತುಕಾಗದ ಕೂಡಿಟ್ಟು ಕಳಿಸಿದವರಿಗೆ ಬಹುಮಾನ ಇಟ್ಟರು. ಕೊಳ್ಳುವವಳಿಗೆ ಮೊದಲ ಸಲ ಹೆಸರು, ತೂಕ, ಭರವಸೆ ಮೂರೂ ಒಟ್ಟಿಗೆ ಸಿಕ್ಕವು. ವಾರಕ್ಕೆ 20 ಟನ್ನಿನಿಂದ ಶುರುವಾದ ಉತ್ಪಾದನೆ 1887ರ ಕೊನೆಗೆ 450 ಟನ್ನಿಗೆ ಮುಟ್ಟಿತು.

ವಾರಿಂಗ್‌ಟನ್ ಸಾಲದಾಯ್ತು. ಮರ್ಸಿ ನದಿಯ ಹತ್ತಿರ ಜೌಗು ನೆಲ 56 ಎಕರೆ ಕೊಂಡರು. 1888ರ ಮಾರ್ಚಿಯಲ್ಲಿ ಅವರ ಪತ್ನಿ ಗುದ್ದಲಿ ಪೂಜೆ ಮಾಡಿದಂತೆ ಮೊದಲ ಮಣ್ಣು ತೆಗೆದರು. 24 ಎಕರೆ ಕಾರ್ಖಾನೆಗೆ, 32 ಎಕರೆ ಕೆಲಸಗಾರರ ಊರಿಗೆ. ಆ ಊರಿಗೆ ಪೋರ್ಟ್ ಸನ್‌ಲೈಟ್ ಎಂದೇ ಹೆಸರಾಯಿತು. ಗಾಳಿ ಬೆಳಕಿನ ಮನೆಗಳು, ಹೂದೋಟ, ಶಾಲೆ, ಆಸ್ಪತ್ರೆ, ಸಭಾಭವನ ಎಲ್ಲ ಬಂದವು. ಅದೇ 1888ರಲ್ಲಿ ಸನ್‌ಲೈಟ್ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿಗೂ ಬಂದು ಇಳಿದವು. 1894ರಲ್ಲಿ ಕಾರ್ಬಾಲಿಕ್ ಹಾಕಿದ ಲೈಫ್‌ಬಾಯ್ ಹೊರಟಿತು, ಮರುವರ್ಷವೇ ನಮ್ಮ ದೇಶಕ್ಕೆ ಬಂತು. 1900ರಲ್ಲಿ ಲಕ್ಸ್ ಎಂಬ ಹೆಸರಿನ ಸೋಪಿನ ಹಲ್ಲೆ, 1904ರಲ್ಲಿ ಪಾತ್ರೆ ತಿಕ್ಕುವ ವಿಮ್ ಪುಡಿ. ಮೈಸೋಪಾಗಿ ಲಕ್ಸ್ ಬಂದದ್ದು ಆಮೇಲೆ.

ಕೂಲಿಗಾರರ ಒಳಿತನ್ನು ಲೀವರ್ ಮನಸ್ಸಿನಿಂದಲೇ ಬಯಸಿದರು ಅನ್ನುವುದರಲ್ಲಿ ನಮಗೆ ಅನುಮಾನವಿಲ್ಲ. 1906ರಿಂದ 1909ರವರೆಗೆ ಪಾರ್ಲಿಮೆಂಟಿನಲ್ಲಿದ್ದಾಗ ವೃದ್ಧಾಪ್ಯ ವೇತನಕ್ಕಾಗಿ ಮಸೂದೆ ತಂದರು. ದಿನಕ್ಕೆ ಆರು ಗಂಟೆ ದುಡಿದರೆ ಸಾಕು ಎಂದು ವಾದಿಸಿದರು. ಆದರೆ ಲಾಭವನ್ನು ಕೂಲಿಗಾರರ ಕೈಗೆ ನಗದಾಗಿ ಕೊಟ್ಟರೆ ಖರ್ಚು ಮಾಡಿಬಿಡುತ್ತಾರೆ, ಅದನ್ನು ಮನೆ ಮಠಗಳಾಗಿ ತಾವೇ ಮಾಡಿಕೊಡುವುದು ಮೇಲು ಎಂಬುದು ಅವರ ಮತ. 1909ರಲ್ಲಿ ಪಾಲುಗಾರಿಕೆಯ ಪತ್ರಗಳನ್ನು ಹಂಚಿದರು. ಅದಕ್ಕೆ ಲಾಭಾಂಶ ಇತ್ತು, ಮತದ ಹಕ್ಕು ಇರಲಿಲ್ಲ. ನಡತೆ ಸರಿಯಿಲ್ಲ ಅನಿಸಿದರೆ ರದ್ದು ಮಾಡಬಹುದಿತ್ತು. ಕೆಲಸ ಹೋದರೆ ಮನೆಯೂ ಹೋಯಿತು. ಕೊಡುವವರೂ ಅವರೇ, ಎಷ್ಟು ಹೇಗೆ ಅಂತ ತೀರ್ಮಾನಿಸುವವರೂ ಅವರೇ.

ಅಲ್ಲಿಗೆ ಹೆಚ್ಚು ದೂರವಿಲ್ಲದ ರಾಚ್‌ಡೇಲಿನಲ್ಲಿ 1844ರಲ್ಲೇ 28 ಜನ ಸೇರಿ ಬೇರೆ ದಾರಿ ಹಾಕಿದ್ದರು. ಅವರಲ್ಲಿ ನೇಕಾರರೂ ಇದ್ದರು. ಅಂಗಡಿ ಎಲ್ಲರದ್ದು, ಒಬ್ಬರಿಗೆ ಒಂದೇ ಮತ, ಕೊಂಡಷ್ಟಕ್ಕೆ ತಕ್ಕ ಲಾಭಾಂಶ, ಕಲಬೆರಕೆ ಇಲ್ಲದ ಮಾಲು, ಸರಿ ತೂಕ. ಅಂಥ ಸಂಘಗಳೆಲ್ಲ ಕೂಡಿ 1863ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಗಟು ಸಹಕಾರ ಸಂಘವನ್ನು ಕಟ್ಟಿದವು. ಅದು ತನ್ನದೇ ಸೋಪಿನ ಕಾರ್ಖಾನೆಗಳನ್ನೂ ಇಟ್ಟುಕೊಂಡಿತ್ತು. ಬಡವರ ಅಡುಗೆಮನೆಗೆ ನಂಬಿಕೆಯ ಸೋಪು ತಲುಪಿಸಲು ಹೊರಟವರು ಹೀಗೆ ಇಬ್ಬರಾದರು.

ಇವರಿಬ್ಬರ ಪರೀಕ್ಷೆ 1906ರಲ್ಲಿ ಬಂತು. ಮಾರ್ಗರಿನ್ ಮಾಡುವವರೂ ಅದೇ ಎಣ್ಣೆಗಳಿಗೆ ಕೈ ಹಾಕಿದ್ದರಿಂದ ಕಚ್ಚಾಮಾಲಿನ ಬೆಲೆ ಏರಿತ್ತು. ಬೆಲೆ ಏರಿಸಿದರೆ ಗಿರಾಕಿ ಹೋಗುತ್ತಾರೆ ಎಂಬ ಭಯ. ಲೀವರ್ ಬೆಲೆ ಮುಟ್ಟಲಿಲ್ಲ, ತೂಕ ಮುಟ್ಟಿದರು. 16 ಔನ್ಸಿನ ಸೋಪು 15 ಔನ್ಸ್ ಆಯಿತು. ಒಂದು ಔನ್ಸ್ ಅಂದರೆ 28 ಗ್ರಾಂ, ಹೆಚ್ಚೇನಲ್ಲ ಅನ್ನಬಹುದು. ಅದರ ಮೇಲೆ ಅಕ್ಟೋಬರಿನಲ್ಲಿ ದೊಡ್ಡ ದೊಡ್ಡ ಸೋಪಿನ ಕಂಪನಿಗಳನ್ನು ಸೇರಿಸಿ ಒಂದು ಕೂಟ ಕಟ್ಟಿದರು. ಜಾಹೀರಾತಿನ ಖರ್ಚು ಉಳಿಸುವುದು, ಪೈಪೋಟಿ ನಿಲ್ಲಿಸುವುದು ಉದ್ದೇಶ. ಡೈಲಿ ಮೇಲ್ ಮುಂತಾದ ಪತ್ರಿಕೆಗಳು ಕೂಟದ ಮೇಲೆ ಮುಗಿಬಿದ್ದವು. ಬರೆದದ್ದೆಲ್ಲ ನಿಜವಾಗಿರಲಿಲ್ಲ. ಆದರೆ ಹದಿನೈದು ಔನ್ಸಿನ ಪೌಂಡು ಅನ್ನುವ ಮಾತು ಮಾತ್ರ ಮನೆಮನೆಗೆ ಹೋಯಿತು. ಹೆಂಗಸರು ಸನ್‌ಲೈಟ್ ಬಿಟ್ಟರು, ಕೂಟಕ್ಕೆ ಸೇರದ ಸಹಕಾರಿ ಅಂಗಡಿಗಳ ಸೋಪಿನ ಕಡೆ ತಿರುಗಿದರು. ನವೆಂಬರಿನಲ್ಲೇ ಕೂಟ ಮುರಿದುಬಿತ್ತು.

ಲೀವರ್ ಸುಮ್ಮನಿರಲಿಲ್ಲ. ಮಾನಹಾನಿ ಎಂದು ನ್ಯಾಯಾಲಯಕ್ಕೆ ಹೋದರು. 1907ರಲ್ಲಿ ಡೈಲಿ ಮೇಲ್ 50,000 ಪೌಂಡ್ ಪರಿಹಾರ ಕೊಡಬೇಕಾಯಿತು. ಬೇರೆ ಪತ್ರಿಕೆಗಳದ್ದೂ ಸೇರಿ ಬಂದ ಹಣ ಸುಮಾರು 91,000 ಪೌಂಡ್. ಆ ದುಡ್ಡನ್ನು ಅವರು ಮನೆಗೆ ತೆಗೆದುಕೊಂಡು ಹೋಗಲಿಲ್ಲ, ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಇದು ದೊಡ್ಡ ಗುಣ. ಆದರೆ ಕೆಲವು ವರ್ಷಗಳ ನಂತರ, ತಮ್ಮ ಸೋಪಿನ ಬದಲು ಸಂಘದ ಸೋಪು ಮಾರುತ್ತಿದ್ದಾರೆ ಎಂದು ಸಹಕಾರಿ ಅಂಗಡಿಗಳ ಮೇಲೂ ದಾವೆ ಹೂಡಿದರು. ಅಲ್ಲಿ ಅವರ ವಾದ ನಿಲ್ಲಲಿಲ್ಲ. ಇತ್ತ ನಮ್ಮ ನಾಡಿನಲ್ಲಿ, ಆ ಸೋಪಿನ ಕೂಟ ಹುಟ್ಟಿ ಸಾಯುವುದಕ್ಕೆ ಒಂದು ವರ್ಷ ಮೊದಲು, 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘಕ್ಕೆ ಬುನಾದಿ ಹಾಕಿದ್ದರು ಎಂಬುದನ್ನು ಇಲ್ಲಿ ನೆನೆಯುವುದು ನಮ್ಮ ಕರ್ತವ್ಯ.

ಇನ್ನು ಎಣ್ಣೆಯ ಮಾತು. ಸೋಪು ಹೆಚ್ಚಿದಷ್ಟೂ ಎಣ್ಣೆ ಬೇಕು. 1911ರಲ್ಲಿ ಬೆಲ್ಜಿಯಂ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಆಫ್ರಿಕಾದ ಕಾಂಗೋದಲ್ಲಿ ತಾಳೆ ಕಾಡುಗಳನ್ನು ಹಿಡಿದರು. 7,50,000 ಹೆಕ್ಟೇರ್‌ವರೆಗೆ ಹಕ್ಕು ಸಿಗುವ ಒಪ್ಪಂದ. ಶಾಲೆ, ಆಸ್ಪತ್ರೆ, ಕನಿಷ್ಠ ಕೂಲಿ ಎಲ್ಲ ಕಾಗದದಲ್ಲಿತ್ತು. ಕೆಲಸದ ಊರಿಗೆ ಲೀವರ್‌ವಿಲ್ ಅಂತ ಹೆಸರಿಟ್ಟರು. ಎತ್ತರದ ಮರ ಹತ್ತಿ ಗೊನೆ ಇಳಿಸುವ ಕಷ್ಟ ಏನೆಂದು ಅಡಿಕೆ, ತೆಂಗು ಇರುವ ಊರಿನವರಿಗೆ ನಾವು ಹೇಳಬೇಕಾಗಿಲ್ಲ. ಅಲ್ಲಿನ ಜನ ಸ್ವಇಚ್ಛೆಯಿಂದ ಬರಲಿಲ್ಲ. ಸರ್ಕಾರದ ಅಧಿಕಾರಿಗಳ ಬಲದಿಂದ, ತೆರಿಗೆಯ ಒತ್ತಡದಿಂದ ಅವರನ್ನು ಎಳೆದು ತರಲಾಯಿತು ಎಂಬುದನ್ನು ಬೆಲ್ಜಿಯಂ ಸರ್ಕಾರದ ಕಡತಗಳನ್ನೇ ತೆರೆದು ಇತಿಹಾಸಕಾರರು ತೋರಿಸಿದ್ದಾರೆ. ಲೀವರ್ ತೀರಿಕೊಂಡ ಮೇಲೆ, 1931ರಲ್ಲಿ, ತಾಳೆಹಣ್ಣಿನ ದರ ಇಳಿದು ತೆರಿಗೆ ಮಾತ್ರ ನಿಂತಾಗ ಪೆಂಡೆ ಜನ ದಂಗೆ ಎದ್ದರು. ಅದನ್ನು ಅಡಗಿಸುವಾಗ ನೂರಾರು ಜನ ಸತ್ತರು. ಇಲ್ಲಿ ಹೂದೋಟದ ಮನೆ, ಅಲ್ಲಿ ಬಿಟ್ಟಿ ದುಡಿತದ ನೆರಳು. ಸೋಪಿನ ತೂಕ ನೋಡಿದ ಕಣ್ಣು ಆ ದುಡಿಮೆಯ ತೂಕ ನೋಡಲಿಲ್ಲ.

ಸ್ವಂತ ಬದುಕಿನಲ್ಲಿ ಲೀವರ್ ಶಿಸ್ತಿನವರು. ಬೆಳಗಿನ ಜಾವ ಏಳುವುದು, ವ್ಯಾಯಾಮ, ತಣ್ಣೀರಿನ ಸ್ನಾನ. ಚಳಿ ಮಳೆ ಎನ್ನದೆ ಬಯಲು ಗಾಳಿಯಲ್ಲೇ ಮಲಗುತ್ತಿದ್ದರು. 1913ರಲ್ಲಿ ಪತ್ನಿ ತೀರಿಕೊಂಡರು. 1917ರಲ್ಲಿ ಲಾರ್ಡ್ ಪದವಿ ಬಂದಾಗ ಲೀವರ್ ಜೊತೆಗೆ ಪತ್ನಿಯ ತವರಿನ ಹೆಸರು ಹ್ಯೂಮ್ ಸೇರಿಸಿ ಲೀವರ್‌ಹ್ಯೂಮ್ ಆದರು. ಪೋರ್ಟ್ ಸನ್‌ಲೈಟಿನಲ್ಲಿ ಆಕೆಯ ನೆನಪಿಗೆ ಕಟ್ಟಿಸಿದ ಕಲಾಶಾಲೆ 1922ರಲ್ಲಿ ತೆರೆಯಿತು. ಎಪ್ಪತ್ಮೂರರ ವಯಸ್ಸಿನಲ್ಲೂ ಕಾಂಗೋಗೆ ಹೋಗಿ ಬಂದರು. ಮರಳಿದ ಸ್ವಲ್ಪ ಕಾಲಕ್ಕೆ, 1925ರ ಮೇ 7ರಂದು, ನ್ಯುಮೋನಿಯಾದಿಂದ ತೀರಿಕೊಂಡರು. 1930ರಲ್ಲಿ ಅವರ ಕಂಪನಿ ಡಚ್ಚರ ಮಾರ್ಗರಿನ್ ಕಂಪನಿಯ ಜೊತೆ ಸೇರಿ ಯೂನಿಲೀವರ್ ಆಯಿತು. ಭಾರತದಲ್ಲಿ 1933ರಲ್ಲಿ ಲೀವರ್ ಬ್ರದರ್ಸ್ ಕಂಪನಿ ಶುರುವಾಯಿತು. 1956ರಲ್ಲಿ ಅದು ಹಿಂದೂಸ್ತಾನ್ ಲೀವರ್, 2007ರಲ್ಲಿ ಹಿಂದೂಸ್ತಾನ್ ಯೂನಿಲೀವರ್ ಆಯಿತು.

ಈ ಬದುಕಿನಿಂದ ನಾವು ತೆಗೆದುಕೊಳ್ಳಬೇಕಾದದ್ದು ಇಷ್ಟು. ಸಾಮಾನ್ಯ ಸಾಮಾನಿಗೂ ಒಳ್ಳೆಯ ಹದ, ಸರಿಯಾದ ತೂಕ, ಚೊಕ್ಕ ಕಟ್ಟು, ಹೊಣೆ ಹೊರುವ ಹೆಸರು ಬೇಕು ಎಂಬುದನ್ನು ಲೀವರ್ ಅವರಿಂದ ಕಲಿಯೋಣ. ಸಂಘದ ಮಾಲು ಹೇಗಿದ್ದರೂ ನಡೆಯುತ್ತೆ, ಸದಸ್ಯರು ಎಲ್ಲಿ ಹೋಗ್ತಾರೆ ಅನ್ನುವ ಉದಾಸೀನ ನಮಗೆ ಬೇಡ. ಇಪ್ಪತ್ತು ವರ್ಷ ಕಟ್ಟಿದ ನಂಬಿಕೆಯನ್ನು ಒಂದು ಔನ್ಸ್ ಅಲ್ಲಾಡಿಸಿತು ಎಂಬುದನ್ನು ನಮ್ಮ ಮಾರಾಟ ಮಳಿಗೆಯ ತಕ್ಕಡಿಯ ಮುಂದೆ ನಿಂತವರೆಲ್ಲ ನೆನಪಿಡೋಣ. ಬೇಳೆ ತೂಗುವಾಗಲೂ ಅಷ್ಟೆ, ರೈತರ ಮಾಲು ಕೊಳ್ಳುವಾಗಲೂ ಅಷ್ಟೆ. ಇನ್ನೊಂದು ಮಾತು. ಪೋರ್ಟ್ ಸನ್‌ಲೈಟಿನ ಕೆಲಸಗಾರರಿಗೆ ನಮಗಿಂತ ಚೆಂದದ ಮನೆಗಳಿದ್ದಿರಬಹುದು, ಆದರೆ ಲೆಕ್ಕ ಕೇಳುವ ಹಕ್ಕು ಇರಲಿಲ್ಲ. ನಮ್ಮ ಸಂಘದಲ್ಲಿ ಒಂದು ಷೇರಿನವರಿಗೂ ಒಂದು ಮತ ಇದೆ, ಮಹಾಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕಿದೆ. ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಎಲ್ಲ ಸದಸ್ಯ ಬಂಧುಗಳೂ ಮಹಾಸಭೆಗೆ ತಪ್ಪದೆ ಬಂದು ಆ ಹಕ್ಕನ್ನು ಬಳಸಬೇಕೆಂದು ಕೋರುತ್ತೇವೆ.