ಕರ್ನಲ್ ಮೆಕೆಂಜಿಯೂ ಅವನ ಪಂಡಿತರೂ

ಲಂಡನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಚೆನ್ನೈ ನಗರದ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿಯೂ ಮೆಕೆಂಜಿ ಸಂಗ್ರಹವೆಂಬ ವಿದ್ಯಾನಿಧಿಯೊಂದು ಹಂಚಿಹೋಗಿದೆ. ದಕ್ಷಿಣ ದೇಶದ ಚರಿತ್ರೆಯನ್ನು ಬರೆಯಹೊರಟವರು ಇವೆರಡನ್ನೂ ನೋಡದಿರುವಂತಿಲ್ಲ. ಇದನ್ನು ಕೂಡಿಸಿದವನ ಜೀವಿತವು ನಮ್ಮ ವಾಚಕರ ಮನನಕ್ಕೆ ಅರ್ಹವಾದುದು.

ಕಾಲಿನ್ ಮೆಕೆಂಜಿಯು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. 1783ರಲ್ಲಿ ಮದರಾಸಿಗೆ ಬಂದು ಕಂಪೆನಿಯ ಸೈನ್ಯದಲ್ಲಿ ಇಂಜಿನಿಯರನಾದನು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಇದ್ದನು. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಮೋಜಣಿಯು ಅವನಿಗೆ ವಹಿಸಲ್ಪಟ್ಟಿತು. ಆಳುವವರಿಗೆ ಬೇಕಾಗಿದ್ದುದು ಗಡಿ ಮತ್ತು ಕಂದಾಯಗಳ ಲೆಕ್ಕ. ಮೆಕೆಂಜಿಯಾದರೋ ನಕ್ಷೆಗಳೊಡನೆ ಶಾಸನಗಳನ್ನೂ, ಓಲೆಗರಿಗಳನ್ನೂ, ನಾಣ್ಯಗಳನ್ನೂ, ಊರೂರಿನ ಹಳೆಯ ವೃತ್ತಾಂತವನ್ನು ಹೇಳುವ ಕೈಫಿಯತ್ತುಗಳನ್ನೂ ಕೂಡಿಸತೊಡಗಿದನು.

ಆದರೆ ಈ ದೇಶದ ಭಾಷೆಗಳನ್ನು ಅವನು ಬಲ್ಲವನಾಗಿರಲಿಲ್ಲ. ಅವನಿಗೆ ಕಣ್ಣಾದವನು ಕಾವಲಿ ವೆಂಕಟ ಬೋರಯ್ಯ. 1803ರಲ್ಲಿ ಬೋರಯ್ಯನು ಅಕಾಲಮರಣಕ್ಕೆ ತುತ್ತಾಗಲು, ಅವನ ತಮ್ಮ ಲಕ್ಷ್ಮಯ್ಯನು ಆ ಭಾರವನ್ನು ಹೊತ್ತನು. ಜೈನ ಗ್ರಂಥಗಳಿಗೆ ದಾರಿ ತೋರಿದವನು ನಮ್ಮ ಮಲೆಯೂರಿನ ಪಂಡಿತ ಧರ್ಮಯ್ಯ. ಮೆಕೆಂಜಿಯು ಕೃತಘ್ನನಾಗಿರಲಿಲ್ಲ, ಬೋರಯ್ಯನ ಉಪಕಾರವನ್ನು ತನ್ನ ಪತ್ರದಲ್ಲಿಯೇ ಒಪ್ಪಿಕೊಂಡನು. 1816ರಲ್ಲಿ ತಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಪಟದಲ್ಲಿ ಈ ದೇಶದ ಮೂವರು ಅವನೊಡನೆ ನಿಂತಿದ್ದಾರೆ.

1815ರಲ್ಲಿ ಅವನು ಹಿಂದೂದೇಶದ ಪ್ರಥಮ ಸರ್ವೇಯರ್ ಜನರಲ್ ಆದನು. 1821ರ ಮೇ 8ರಂದು ಕಾಲವಶನಾದನು. ಕಂಪೆನಿಯು ಅವನ ವಿಧವೆಗೆ ಒಂದು ಲಕ್ಷ ರೂಪಾಯಿ ಕೊಟ್ಟು ಸಂಗ್ರಹವನ್ನು ಕೊಂಡಿತು. ವಿಲ್ಸನ್ ಪಂಡಿತನು 1828ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ಅದರಲ್ಲಿ 1,568 ಗ್ರಂಥಗಳೂ, 2,070 ಸ್ಥಳವೃತ್ತಾಂತಗಳೂ, 8,076 ಶಾಸನಪ್ರತಿಗಳೂ, 6,218 ನಾಣ್ಯಗಳೂ ಇದ್ದವು.

ಮುಂದೆ 1830ರ ದಶಕದಲ್ಲಿ ಲಕ್ಷ್ಮಯ್ಯನು ಆ ಕಾರ್ಯವನ್ನು ತಾನೇ ನಡೆಸುವೆನೆಂದು ಬೇಡಿಕೊಂಡನು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯು, ದೇಶೀಯನಿಂದ ಇಂಥ ಶೋಧನವು ಸಾಗದೆಂಬ ಭಾವನೆಯಿಂದ, ಒಪ್ಪಲಿಲ್ಲ. ವರ್ಷಗಟ್ಟಲೆ ಅದನ್ನೇ ಮಾಡಿದವನಿಗೆ ದೊರೆತ ಉತ್ತರವಿದು! ಸಾಹೇಬನು ತಿಳಿದಿದ್ದುದನ್ನು ಸೊಸೈಟಿಯು ತಿಳಿಯದೆಹೋಯಿತು.

ಈ ಅನ್ಯಾಯಕ್ಕೆ ಪ್ರತ್ಯುತ್ತರವು ಗೊಣಗಾಟದಲ್ಲಿಲ್ಲ, ಅಧ್ಯಯನದಲ್ಲಿದೆ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದುದು ಸಂತೋಷದ ವಿಷಯ. ತಮ್ಮ ಊರಿನ ವೃತ್ತಾಂತವು ಅದರಲ್ಲಿದೆಯೇ ಎಂದು ವಾಚಕರು ತೆರೆದು ನೋಡಲಿ. ನೋಡುವಾಗ ಮೆಕೆಂಜಿಯೊಡನೆ ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯರನ್ನೂ ನೆನೆಯಲಿ ಎಂಬುದೇ ನಮ್ಮ ಆಶಯ.