ದಾಳದ ಲೆಕ್ಕ ಗೊತ್ತಿದ್ದ ಡಾಕ್ಟರ್

ಸ್ಟೇಟ್ ಬ್ಯಾಂಕಿನಿಂದ ಸುರತ್ಕಲ್‌ಗೆ ಬಸ್ಸಲ್ಲಿ ನೇತಾಡಿಕೊಂಡು ಬರುವಾಗ ನಮ್ಮ ಕಾಲಡಿಯಲ್ಲಿ ಒಂದು ಶಾಫ್ಟ್ ತಿರುಗ್ತಾ ಇರ್ತದೆ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ಕಾರ್ಡನ್ ಶಾಫ್ಟ್. ಆ ಹೆಸರು ಇಟಲಿಯ ಜಿರೊಲಾಮೊ ಕಾರ್ಡಾನೊನದ್ದು. ಮೆಕ್ಯಾನಿಕಲ್‌ನವರು ಹೆಸರು ಕೇಳಿರ್ತಾರೆ. ಈತ ದೊಡ್ಡ ಜೂಜುಕೋರ ಅಂತ ನಮಗೆ ಗೊತ್ತಾದದ್ದು ಮೊನ್ನೆ ಮೊನ್ನೆ.

1501ರಲ್ಲಿ ಪಾವಿಯಾದಲ್ಲಿ ಹುಟ್ಟಿದ. ಅಪ್ಪ ಮಿಲಾನಿನ ವಕೀಲ. ಅಪ್ಪ-ಅಮ್ಮನಿಗೆ ಆಗ ಮದುವೆ ಆಗಿರಲಿಲ್ಲ. ವೈದ್ಯಕೀಯ ಓದುವಾಗಲೇ ಅಪ್ಪ ತೀರಿಕೊಂಡ, ಕೈಯಲ್ಲಿದ್ದ ದುಡ್ಡು ಕರಗಿತು. ಹೊಟ್ಟೆಪಾಡಿಗೆ ಹಿಡಿದದ್ದು ಇಸ್ಪೀಟು, ದಾಳ, ಚೆಸ್. ಮೊದಮೊದಲು ಗೆದ್ದ, ಎಡವಟ್ಟಾದದ್ದೇ ಅಲ್ಲಿ. ವೆನಿಸ್ಸಿನಲ್ಲಿ ಒಮ್ಮೆ ಎದುರಾಳಿ ಎಲೆಗಳಿಗೆ ಗುರುತು ಹಾಕಿದ್ದು ಕಂಡು, ಚೂರಿ ತೆಗೆದು ಅವನ ಮುಖಕ್ಕೇ ಗೀರಿದ.

ಹುಟ್ಟಿನ ನೆವ ಹೇಳಿ ಮಿಲಾನಿನ ವೈದ್ಯರ ಸಂಘ ಈತನನ್ನು ಸೇರಿಸಿಕೊಳ್ಳಲಿಲ್ಲ. ಸಂಪಾದನೆ ಇಲ್ಲ, ಆಟ ಮಾತ್ರ ಉಂಟು. ಹೆಂಡತಿ ಲೂಸಿಯಾಳ ಒಡವೆ ಅಡವಿಟ್ಟ, ಮನೆಯ ಸಾಮಾನೂ ಹೋಯಿತು, ಕೊನೆಗೆ ಸಂಸಾರ ಸಮೇತ ಬಡವರ ಛತ್ರ ಸೇರಿದ.

ಆಮೇಲೆ ಎದ್ದು ನಿಂತದ್ದೂ ಹೌದು. ಯುರೋಪಿಗೇ ಹೆಸರಾಂತ ಡಾಕ್ಟರಾದ. 1545ರ ‘ಆರ್ಸ್ ಮಾಗ್ನಾ’ದಲ್ಲಿ ಘನ ಸಮೀಕರಣ ಬಿಡಿಸುವ ದಾರಿ ಅಚ್ಚಾಯಿತು. ಮ್ಯಾಥ್ಸಿನಲ್ಲಿ ನಮ್ಮನ್ನು ಕಾಡುವ ಋಣ ಸಂಖ್ಯೆಯ ವರ್ಗಮೂಲವೂ ಅದರಲ್ಲಿ ತಲೆ ಹಾಕಿದೆ.

ಆದರೆ ಆಟ ಬಿಟ್ಟನಾ? ಇಲ್ಲ ಮಾರಾಯ್ರೆ. ಚೆಸ್ 40 ವರ್ಷ, ದಾಳ 25 ವರ್ಷ ಆಡಿದೆ, ಅದೂ ದಿನಾ, ಅಂತ ಮುದಿ ವಯಸ್ಸಲ್ಲಿ ನಾಚಿಕೆಯಿಂದ ಬರೆದುಕೊಂಡ. ಎರಡು ದಾಳ ಎಸೆದರೆ 36 ಸಾಧ್ಯತೆ. ಏಳು ಬೀಳಲು ಆರು ದಾರಿ, ಹನ್ನೆರಡಕ್ಕೆ ಒಂದೇ. ಪ್ರಾಬಬಿಲಿಟಿಯ ಈ ಲೆಕ್ಕವನ್ನು ಪುಸ್ತಕ ಮಾಡಿ ಬರೆದ ಮೊದಲಿಗರಲ್ಲಿ ಈತ ಒಬ್ಬ. ಆಡದೇ ಇರುವುದೇ ಜೂಜಿನ ದೊಡ್ಡ ಲಾಭ ಎಂಬ ಅರ್ಥದ ಮಾತೂ ಅದೇ ಪುಸ್ತಕದಲ್ಲಿದೆ. ಅದೃಷ್ಟದ ಮೇಲಿನ ನಂಬಿಕೆಯೂ ಅದರಲ್ಲೇ ಇದೆ!

ಹೋದ ದುಡ್ಡು ವಾಪಸ್ ಬರಲಿ, ಆಮೇಲೆ ಆಪ್ ಡಿಲೀಟ್ ಮಾಡ್ತೇನೆ ಅನ್ನುವ ಗೆಳೆಯರು ನಮ್ಮ ಹಾಸ್ಟೆಲಲ್ಲೂ ಇದ್ದಾರೆ. ಅವರಿಗೂ ಪ್ರಾಬಬಿಲಿಟಿಯಲ್ಲಿ ಒಳ್ಳೆ ಮಾರ್ಕೇ.

ಕಾರ್ಡಾನೊನ ಹಿರಿಮಗ ಹೆಂಡತಿಗೆ ವಿಷ ಹಾಕಿದ ಅಪರಾಧಕ್ಕೆ 1560ರಲ್ಲಿ ತಲೆ ಕೊಟ್ಟ. ಕಿರಿಮಗ ಆಲ್ಡೊ ಜೂಜಿಗೆ ಬಿದ್ದು ಅಪ್ಪನ ಮನೆಗೇ ಕನ್ನ ಹಾಕಿದ; ಅಪ್ಪನೇ ದೂರು ಕೊಟ್ಟು ಅವನನ್ನು ಬೊಲೊನ್ಯಾದಿಂದ ಗಡಿಪಾರು ಮಾಡಿಸಬೇಕಾಯಿತು. 1576ರಲ್ಲಿ ಕಾರ್ಡಾನೊ ರೋಮಿನಲ್ಲಿ ತೀರಿಕೊಂಡ. ದಾಳದ ಪುಸ್ತಕ ಅಚ್ಚಾದದ್ದು 1663ರಲ್ಲಿ.